‘ಮಾಟಲ್ಡ್’ ಅಂದರೆ ಚುಕ್ಕೆಯೇ?

ಪ್ರಶ್ನೆ: ಹಕ್ಕಿಗಳ ಇಂಗ್ಲಿಷ್ ಪುಸ್ತಕದಲ್ಲಿ ಮೊಟ್ಟೆ, ಗರಿಗಳಿಗೆ ‘ಮಾಟಲ್ಡ್’ ಎಂಬ ವಿಶೇಷಣ ಕಂಡೆ. ‘ಸ್ಪಾಟೆಡ್’ಗೂ ಅದಕ್ಕೂ ಏನು ವ್ಯತ್ಯಾಸ?
– ಓದುಗರು, ಕೃಷ್ಣರಾಜಪೇಟೆ

ಉತ್ತರ: ನಿಮ್ಮ ಜಿಲ್ಲೆಯ ರಂಗನತಿಟ್ಟಿನಲ್ಲೇ ಎರಡೂ ಸಿಗುತ್ತವೆ. ಅಲ್ಲಿನ ಹೆಜ್ಜಾರ್ಲೆಯ ಮೇಲ್ಕೊಕ್ಕಿನ ಉದ್ದಕ್ಕೂ ನೀಲಿಗಪ್ಪು ಚುಕ್ಕೆಗಳ ಸಾಲಿದೆ. ಬೈನಾಕ್ಯುಲರ್ ಹಿಡಿದರೆ ಬಿಡಿಬಿಡಿಯಾಗಿ ಎಣಿಸಬಹುದು. ‘ಸ್ಪಾಟ್’ ಅಂದರೆ ಅದು; ಹಕ್ಕಿಯ ಇಂಗ್ಲಿಷ್ ಹೆಸರೂ ‘ಸ್ಪಾಟ್-ಬಿಲ್ಡ್ ಪೆಲಿಕನ್’.

‘ಮಾಟಲ್ಡ್’ ನೋಡಬೇಕಾದರೆ ನದಿ ರೀವದ ಮೊಟ್ಟೆ ನೋಡಿ. ಈ ಹಕ್ಕಿ ಗೂಡು ಕಟ್ಟುವ ಗೋಜಿಗೇ ಹೋಗದೆ, ಹೊಳೆ ನಡುವಿನ ಬರಿ ಬಂಡೆ ಅಥವಾ ಮರಳಿನ ಮೇಲೆ ಮೊಟ್ಟೆ ಇಡುತ್ತದೆ. ಮಾಸಲು ಬಣ್ಣದ ಚಿಪ್ಪಿನ ಮೇಲೆ ಕಂದು ಕಲೆಗಳು, ಒಂದು ದಟ್ಟ, ಇನ್ನೊಂದು ತೆಳು. ಕೆಲವು ಒಂದರೊಳಗೊಂದು ಬೆರೆತಿರುತ್ತವೆ. ಎಲ್ಲಿ ಶುರು, ಎಲ್ಲಿ ಕೊನೆ ಎಂದು ಹೇಳಲಾಗದು. ಕಣ್ಣಿಗೆ ಮೊಟ್ಟೆಯ ಅಂಚೇ ದಕ್ಕದ್ದರಿಂದ ಕಾಗೆ, ಹದ್ದುಗಳಿಗೆ ಅದು ಸುಲಭವಾಗಿ ಕಾಣದು. ಮರಿಗಳ ಮೈಯೂ ಹೀಗೇ.

ಚರ್ಮ, ಅಮೃತಶಿಲೆ, ಎಲೆಗೂ ಈ ಪದ ಬಳಕೆಯಲ್ಲಿದೆ. ಟೊಮೆಟೊ ಬೆಳೆಯುವವರಿಗೆ ಇದು ಬರಿ ನಿಘಂಟಿನ ಮಾತಲ್ಲ. ಬಿಡಿ ಚುಕ್ಕೆಗಳ ಎಲೆಚುಕ್ಕೆ ರೋಗಕ್ಕೆ ಹೆಚ್ಚಾಗಿ ಶಿಲೀಂಧ್ರ ಇಲ್ಲವೇ ಬ್ಯಾಕ್ಟೀರಿಯಾ ಕಾರಣ. ಕಡುಹಸಿರು, ತಿಳಿಹಸಿರು ಕಲಸಿದಂತಾದ ‘ಮಾಟಲ್ಡ್’ ಎಲೆ ಬಹುಮಟ್ಟಿಗೆ ಮೊಸಾಯಿಕ್ ವೈರಸ್ಸಿನ ಗುರುತು. ಅದಕ್ಕೆ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ದಂಡ.