ಮೋಟಾರು ಸೈಕಲ್ಲಿನ ನಡುಕ

ಮೋಟಾರು ಸೈಕಲ್ಲನ್ನೇರಿ ದೂರ ಪ್ರಯಾಣ ಮಾಡುವವರಿಗೆ ಎಂದಾದರೊಂದು ದಿನ ಈ ಸಂದೇಹವು ಹುಟ್ಟದಿರದು: ನಿನ್ನೆಯವರೆಗೆ ಸರಿಯಾಗಿದ್ದ ಗಾಡಿ ಇಂದೇಕೆ ಹೀಗೆ ನಡುಗುತ್ತಿದೆ? ಕೆಲವರು ನಡುಕವನ್ನು ಸಹಿಸಿಕೊಂಡು ಅಪಾಯವನ್ನು ಬೆಳೆಸುತ್ತಾರೆ; ಕೆಲವರು ಎಂಜಿನ್ನನ್ನು ಬಿಚ್ಚಿಸಿ ವೃಥಾ ಹಣ ಕಳೆದುಕೊಳ್ಳುತ್ತಾರೆ. ಬಿಚ್ಚುವುದಕ್ಕೆ ಮೊದಲು ವಿಚಾರಿಸುವ ಕ್ರಮವೊಂದುಂಟು. ಅದನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಡುಕವೆಲ್ಲವೂ ರೋಗವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಿಂದ ಜಾವಾ ಎಂಬ ಹೆಸರಿನಲ್ಲಿಯೂ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿಯೂ ತಯಾರಾಗಿ, 1996ರಲ್ಲಿ ಕಾರ್ಖಾನೆಯು ಮುಚ್ಚುವವರೆಗೂ ಹೊರಬಂದ ಗಾಡಿಗಳನ್ನು ನಮ್ಮಲ್ಲಿ ಬಹುಮಂದಿ ಬಲ್ಲರು. ಅವುಗಳಲ್ಲಿ ಹೆಸರಾದ 250 ಸಿ.ಸಿ. ಎಂಜಿನ್ನಿಗೆ ಒಂದೇ ಸಿಲಿಂಡರು. ಅದರೊಳಗೆ ಪಿಸ್ಟನ್ನು 75 ಮಿಲಿಮೀಟರು ದೂರ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಿಸ್ಟನ್ನು ಸೆಕೆಂಡಿಗೆ 50 ಸಲ ಮೇಲೇರಿ ಹಿಂದಿರುಗಬೇಕು. ಹಾಗೆ ಹಿಂದಿರುಗಿಸಲು ಬೇಕಾದ ಬಲವು ಪಿಸ್ಟನ್ನಿನ ತೂಕದ 370 ಪಾಲಿಗೂ ಮೀರುತ್ತದೆ. ವೇಗ ಇಮ್ಮಡಿಯಾದರೆ ಈ ಬಲವು ನಾಲ್ಮಡಿಯಾಗುತ್ತದೆ. ಅದಕ್ಕೆ ಎದುರಾಗಿ ಅಚ್ಚಿನ ಮೇಲೆ ಭಾರವನ್ನಿಟ್ಟು ಸರಿದೂಗಿಸುವುದುಂಟು; ಆದರೆ ಪೂರ್ತಿಯಾಗಿ ಸರಿದೂಗಿಸಹೋದರೆ ಮೇಲುಕೆಳಗಿನ ನಡುಕವು ಹಿಂದುಮುಂದಿನ ನಡುಕವಾಗಿ ಬದಲಾಗುವುದಷ್ಟೇ. ಆದುದರಿಂದ ಸುಮಾರು ಅರ್ಧವನ್ನು ಸರಿದೂಗಿಸಿ ಉಳಿದುದನ್ನು ಹಾಗೆಯೇ ಬಿಡುವುದು ವಾಡಿಕೆ. ಹೀಗಾಗಿ ಒಂಟಿ ಸಿಲಿಂಡರಿನ ಗಾಡಿಗೆ ಅಲ್ಪಸ್ವಲ್ಪ ನಡುಕವು ಹುಟ್ಟುಗುಣವೆನ್ನಬೇಕು.

ಮತ್ತೊಂದು ಸಂಗತಿಯುಂಟು. ತಂಬೂರಿಯ ಒಂದು ತಂತಿಯನ್ನು ಮೀಟಿದರೆ ಅದೇ ಶ್ರುತಿಯ ಮತ್ತೊಂದು ತಂತಿಯು ತಾನಾಗಿ ಕಂಪಿಸುವುದನ್ನು ನೀವು ನೋಡಿರಬಹುದು. ಗಾಡಿಯ ಹಿಡಿಗೂ, ಕಾಲಿಡುವ ಕಡ್ಡಿಗೂ, ಕನ್ನಡಿಗೂ ಒಂದೊಂದು ಸ್ವಂತ ಶ್ರುತಿಯಿದೆ. ಎಂಜಿನ್ನಿನ ವೇಗವು ಆ ಶ್ರುತಿಗೆ ಕೂಡಿದಾಗ ಹಿಡಿಯು ಗುಂಯ್‌ಗುಟ್ಟಿ, ವೇಗ ದಾಟಿದೊಡನೆ ಸುಮ್ಮನಾಗುತ್ತದೆ. ಇದೂ ಸಹಜವೇ. ಹೊಸದಾಗಿ ಬಂದ ನಡುಕ, ದಿನದಿಂದ ದಿನಕ್ಕೆ ಹೆಚ್ಚುವ ನಡುಕ, ಇವು ಮಾತ್ರ ದೋಷದ ಸೂಚನೆಗಳು.

ಕೆಲವು ವರ್ಷಗಳ ಕೆಳಗೆ ನಾನು ಹಳೆಯ ಯೆಜ್ಡಿಯೊಂದರಲ್ಲಿ ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೊರಟಿದ್ದೆನು. ಶಿರಾ ದಾಟುವ ವೇಳೆಗೆ ಅಂಗೈಗಳು ಜೋಮು ಹಿಡಿದಿದ್ದುವು. ಊರಿನಲ್ಲಿ ಒಬ್ಬರು ಆಗಲೇ ಗಾಡಿಯನ್ನು ನೋಡಿ, ಒಳಗಿನ ಬೇರಿಂಗು ಸವೆದಿದೆ, ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಬೇಕು ಎಂದು ತೀರ್ಪು ಕೊಟ್ಟಿದ್ದರು. ಹಿರಿಯೂರು ತಾಲ್ಲೂಕಿನ ಆದಿವಾಲದಲ್ಲಿ ದಾರಿಬದಿಯ ವೃದ್ಧ ಮೆಕ್ಯಾನಿಕ್ಕೊಬ್ಬನು ಗಾಡಿಯನ್ನು ಮುಟ್ಟುವುದಕ್ಕೆ ಮೊದಲು ನನ್ನನ್ನೇ ಕೇಳಿದನು: “ನಿಂತಿದ್ದಾಗ್ಲೂ ನಡುಗುತ್ತೋ ಸ್ವಾಮಿ, ಓಡೋವಾಗ ಮಾತ್ರವೋ? ಕ್ಲಚ್ಚು ಹಿಡಿದ್ರೆ ನಿಲ್ಲುತ್ತೋ? ಏರು ಹತ್ತೋವಾಗ ಹೆಚ್ಚೋ?” ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಇವುಗಳಲ್ಲಿ ಒಂದಕ್ಕೂ ಉತ್ತರ ತಿಳಿದಿರಲಿಲ್ಲ.

ಆ ಮೂರು ಪ್ರಶ್ನೆಗಳಲ್ಲಿಯೇ ಶಾಸ್ತ್ರವೆಲ್ಲ ಅಡಗಿದೆ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರು ಹಾಕದೆ, ಎಂಜಿನ್ನಿನ ವೇಗವನ್ನು ಮೆಲ್ಲಗೆ ಏರಿಸಿರಿ. ಆಗಲೂ ಅದೇ ನಡುಕ ಬಂದರೆ ದೋಷವು ಎಂಜಿನ್ನಿನಲ್ಲಿಯೋ ಅದನ್ನು ಹಿಡಿದಿರುವ ಬೋಲ್ಟುಗಳಲ್ಲಿಯೋ ಇದೆ. ಬಾರದಿದ್ದರೆ, ವಾಹನಸಂಚಾರವಿಲ್ಲದ ನೇರ ರಸ್ತೆಯಲ್ಲಿ ಓಡಿಸಿ, ನಡುಕ ಕಂಡಾಗ ಕ್ಲಚ್ಚನ್ನು ಹಿಡಿದು ಎಂಜಿನ್ನಿನ ವೇಗವನ್ನು ಇಳಿಸಿರಿ. ಗಾಡಿ ಉರುಳುತ್ತಿರುವಷ್ಟು ಹೊತ್ತೂ ನಡುಕ ಉಳಿದರೆ ಚಕ್ರ, ಟೈರು, ಚಕ್ರದ ಬೇರಿಂಗುಗಳನ್ನು ಸಂಶಯಿಸಬೇಕು. ಏರಿನಲ್ಲಿ, ಭಾರದಲ್ಲಿ ಮಾತ್ರ ಹೆಚ್ಚಿದರೆ ಸರಪಣಿ, ಕ್ಲಚ್ಚು, ಕಿಡಿಯ ಹೊತ್ತು ತಪ್ಪುವಿಕೆ ಮುಂತಾದುವನ್ನು ನೋಡಬೇಕು. ನಡುಕದ ಜಾತಿಯೂ ಗುರುತು ಕೊಡುತ್ತದೆ. ಸುತ್ತಳತೆ 2 ಮೀಟರಿರುವ ಚಕ್ರವು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಎಂಟು ಸಲ ಸುತ್ತುತ್ತದೆ. ಎಂಜಿನ್ನಾದರೋ ಆ ಹೊತ್ತಿಗೆ ಐವತ್ತರ ಆಸುಪಾಸಿನಲ್ಲಿರುತ್ತದೆ. ಚಕ್ರದ ದೋಷವು ಕುಲುಕುತ್ತದೆ, ಎಂಜಿನ್ನಿನ ದೋಷವು ಝುಮ್ಮೆನ್ನಿಸುತ್ತದೆ.

ನನ್ನ ಗಾಡಿ ನಿಂತಿದ್ದಾಗಲೂ ನಡುಗಿತು. ಆ ವೃದ್ಧನು ಎಂಜಿನ್ನಿನ ಮೇಲೊಂದು ಕೈಯನ್ನೂ ಚೌಕಟ್ಟಿನ ಮೇಲೊಂದು ಕೈಯನ್ನೂ ಇಟ್ಟು ಕ್ಷಣಕಾಲ ಸುಮ್ಮನಿದ್ದನು. ಎರಡೂ ಕೂಡಿ ನಡುಗಬೇಕಾದ ಕಡೆ ಬೇರೆ ಬೇರೆಯಾಗಿ ನಡುಗುತ್ತಿದ್ದುವು. ಕೆಳಗೆ ನೋಡಿದರೆ ಎಂಜಿನ್ನನ್ನು ಬಿಗಿದಿದ್ದ ಬೋಲ್ಟೊಂದರ ನಟ್ಟು ಎಲ್ಲಿಯೋ ಕಳಚಿಬಿದ್ದಿತ್ತು. ಹೊಸ ನಟ್ಟು, ಒಂದು ಸ್ಪ್ರಿಂಗ್ ವಾಷರು, ಹತ್ತು ನಿಮಿಷದ ಕೆಲಸ. ಚೌಕಟ್ಟು ಬಿರುಕು ಬಿಟ್ಟಿದೆಯೇ ಎಂದೂ ಒರಸಿ ನೋಡಿದನು. ಇನ್ನೂ ಕೆಲವು ನೂರು ಮೈಲಿ ಹಾಗೆಯೇ ಓಡಿಸಿದ್ದರೆ ಬಿರುಕು ಕಾಣದೆ ಇರುತ್ತಿರಲಿಲ್ಲವೇನೋ.

ಆದುದರಿಂದ ಪರೀಕ್ಷೆಯು ಸುಲಭವಾದುದರಿಂದ ಕಷ್ಟವಾದುದಕ್ಕೆ ನಡೆಯತಕ್ಕದ್ದು. ಮೊದಲು ಎಂಜಿನ್ನಿನ ಬೋಲ್ಟುಗಳು. ಆಮೇಲೆ ಟೈರಿನ ಗಾಳಿ, ಚಕ್ರದ ಕಡ್ಡಿಗಳು, ಸರಪಣಿಯ ಬಿಗಿ. ಆಮೇಲೆ ಸ್ಪಾರ್ಕ್ ಪ್ಲಗ್ಗು, ಕಿಡಿಯ ಹೊತ್ತು, ಕಾರ್ಬ್ಯುರೇಟರು. ಇವೆಲ್ಲವೂ ಸರಿಯಿದ್ದು, ನಡುಕದೊಡನೆ ಒಳಗಿನಿಂದ ಬಡಿತವೋ ಮೊರೆತವೋ ಕೇಳಿಬಂದರೆ ಮಾತ್ರ ಕನೆಕ್ಟಿಂಗ್ ರಾಡಿನ ಮತ್ತು ಅಚ್ಚಿನ ಬೇರಿಂಗುಗಳಿಗಾಗಿ ಎಂಜಿನ್ನನ್ನು ಬಿಚ್ಚಿಸಬಹುದು.

ಒಳ್ಳೆಯ ವೈದ್ಯನು ಶಸ್ತ್ರವನ್ನೆತ್ತುವುದಕ್ಕೆ ಮೊದಲು ನಾಡಿ ಹಿಡಿಯುತ್ತಾನೆ. ನಾಡಿಯನ್ನು ಹಿಡಿಯುವವನು ಬೇರೆಯವನಾದರೂ, ಎಂದಿನಿಂದ, ಯಾವಾಗ, ಎಷ್ಟು ಎಂದು ಹೇಳಬೇಕಾದವನು ರೋಗಿಯೇ. ಗಾಡಿಗೆ ಬಾಯಿಲ್ಲ, ಅದರ ಪರವಾಗಿ ಆ ಮೂರು ಮಾತುಗಳನ್ನು ಹೇಳಲು ಅದನ್ನು ದಿನವೂ ಏರುವವನು ಸಿದ್ಧನಾಗಿರಬೇಕು.