68 ಕಿಲೋ ಎಲುಬುಗೂಡಿನ ಕಾರು

68 ಕಿಲೋ ಎಂದರೆ ಮಧ್ಯಮ ಮೈಕಟ್ಟಿನ ಒಬ್ಬ ಮನುಷ್ಯನ ತೂಕ. ಇಂಗ್ಲೆಂಡಿನ ಲೋಟಸ್ ಕಂಪನಿ 1996ರಲ್ಲಿ ರಸ್ತೆಗಿಳಿಸಿದ ಎಲೀಸ್ ಎಂಬ ಕಾರಿನ ಛಾಸಿ, ಅಂದರೆ ಎಲುಬುಗೂಡು, ತೂಗುತ್ತಿದ್ದದ್ದೂ ಅಷ್ಟೇ. ಇಬ್ಬರು ಆಚೆ ಈಚೆ ನಿಂತು ಮಂಚ ಎತ್ತಿದಂತೆ ಅದನ್ನು ಎತ್ತಿಕೊಂಡು ಹೋಗಬಹುದು. ಅದರ ಮೇಲೆ ಎಂಜಿನ್, ಚಕ್ರ, ಸೀಟು, ಫೈಬರ್‌ಗ್ಲಾಸಿನ ಹೊರಮೈ ಎಲ್ಲ ಕೂತ ಮೇಲೂ ಇಡೀ ಕಾರು ಸುಮಾರು 725 ಕಿಲೋ. ಎಂಜಿನ್ನೇನೂ ರಾಕ್ಷಸ ಗಾತ್ರದ್ದಲ್ಲ. ಆ ಕಾಲದ ರೋವರ್ ಕಾರುಗಳಲ್ಲಿ ಇರುತ್ತಿದ್ದಂಥದೇ 1.8 ಲೀಟರಿನದು, 118 ಅಶ್ವಶಕ್ತಿಯದು. ಆದರೂ ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಅದಕ್ಕೆ ಆರು ಸೆಕೆಂಡಿನ ಆಸುಪಾಸು ಸಾಕಾಗುತ್ತಿತ್ತು.

ಗಾಡಿಯ ಮಾತು ಬಂದಾಗ ನಾವು ಕೇಳುವುದು ‘ಪಿಕಪ್ ಹೇಗಿದೆ?’ ಎಂದು. ಉತ್ತರ ಹುಡುಕುವುದು ಎಂಜಿನ್ನಿನಲ್ಲಿ. ಎಷ್ಟು ಸಿಸಿ, ಎಷ್ಟು ಎಚ್‌ಪಿ, ಟರ್ಬೊ ಇದೆಯಾ. ಶೋರೂಮಿನಲ್ಲಿ ನಿಂತು ‘ಇದರ ತೂಕ ಎಷ್ಟು?’ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಪಿಕಪ್ಪಿನ ಅರ್ಧ ಗುಟ್ಟು ಅಡಗಿರುವುದು ಆ ಕೇಳದ ಪ್ರಶ್ನೆಯಲ್ಲೇ.

ಒಂದು ಸಣ್ಣ ಲೆಕ್ಕ ಮಾಡೋಣ. 1000 ಕಿಲೋ ತೂಕದ ಕಾರು 100 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಅದರೊಳಗೆ ತುಂಬಿರುವ ಚಲನಶಕ್ತಿ ಸುಮಾರು 3 ಲಕ್ಷ 86 ಸಾವಿರ ಜೂಲ್. ಇಷ್ಟನ್ನು ಹತ್ತು ಸೆಕೆಂಡಿನಲ್ಲಿ ತುಂಬಬೇಕಾದರೆ ಚಕ್ರಗಳಿಗೆ ಸರಾಸರಿ 52 ಅಶ್ವಶಕ್ತಿ ತಲುಪುತ್ತಿರಬೇಕು. ಈಗ ಅದೇ ಕಾರಿನಿಂದ 200 ಕಿಲೋ ಇಳಿಸಿ. ಎಂಜಿನ್ನಿನ ಒಂದು ತಿರುಪನ್ನೂ ಮುಟ್ಟಬೇಡಿ. ಅದೇ ವೇಗಕ್ಕೆ ಎಂಟೇ ಸೆಕೆಂಡು ಸಾಕು. ಗಾಳಿಯ ತಡೆ, ಟೈರಿನ ತಿಕ್ಕಾಟ ಸೇರಿದರೆ ಅಂಕಿ ತುಸು ಅತ್ತಿತ್ತ ಆದೀತು, ಲೆಕ್ಕದ ದಾರಿ ಬದಲಾಗುವುದಿಲ್ಲ.

ನಮ್ಮ ಹಿಂದಿನ ತಲೆಮಾರು ಇದನ್ನು ಕಣ್ಣಾರೆ ಕಂಡಿದೆ. ಅಂಬಾಸಡರ್ ಕಾರಿನ ಎಂಜಿನ್ 1489 ಸಿಸಿ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿಯದು 796 ಸಿಸಿ, ಹೆಚ್ಚು ಕಡಿಮೆ ಅರ್ಧ. ಆದರೂ ಸಿಗ್ನಲ್ ಹಸಿರಾದೊಡನೆ ಮುಂದೆ ಜಿಗಿಯುತ್ತಿದ್ದದ್ದು ಮಾರುತಿಯೇ. ಅಂಬಾಸಡರ್ 1100 ಕಿಲೋಗೂ ಮಿಕ್ಕಿದ ಉಕ್ಕಿನ ರಾಶಿ, ಮಾರುತಿ 650 ಕಿಲೋದ ಸುತ್ತಮುತ್ತ. ಜಪಾನಿನ ಎಂಜಿನ್ನಿನ ಮಹಿಮೆ ಎಂದು ಜನ ಹೊಗಳಿದರು. ಅದರಲ್ಲಿ ಸತ್ಯವಿತ್ತು, ಆದರೆ ತೂಕದ ಪಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಪಿಕಪ್ ಬೇಕಾದರೆ ದೊಡ್ಡ ಎಂಜಿನ್ ಕೂರಿಸಿದರಾಯಿತಲ್ಲ ಎನ್ನಬಹುದು. ಎಂಜಿನ್ನಿನ ಬಲ ಕೆಲಸಕ್ಕೆ ಬರುವುದು ಕಾಲು ಆಕ್ಸಿಲರೇಟರ್ ಮೇಲಿದ್ದಾಗ ಮಾತ್ರ. ತೂಕ ಇಳಿಸಿದ ಲಾಭ ಬ್ರೇಕ್ ಒತ್ತುವಾಗಲೂ ಸಿಗುತ್ತದೆ, ತಿರುವಿನಲ್ಲೂ ಸಿಗುತ್ತದೆ, ಘಾಟಿ ಹತ್ತುವಾಗಲೂ ಸಿಗುತ್ತದೆ. ಹತ್ತಕ್ಕೊಂದರ ಏರಿನಲ್ಲಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಹತ್ತುವ ಕಾರಿಗೆ ಪ್ರತಿ 100 ಕಿಲೋ ತೂಕಕ್ಕೂ ಒಂದೂಕಾಲು ಅಶ್ವಶಕ್ತಿಗಿಂತ ಹೆಚ್ಚು ಬೇಕು. ಟೈರಿನದು ಇನ್ನೊಂದು ಸ್ವಭಾವ. ಮೇಲಿನ ಭಾರ ಎರಡು ಪಟ್ಟಾದರೆ ಅದರ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆಯೇ ಆಗುತ್ತದೆ. ಹಾಗಾಗಿ ಅದೇ ಟೈರಿನ ಮೇಲೆ ಕೂತ ಹಗುರ ಕಾರು ತಿರುವಿನಲ್ಲಿ ಭಾರದ ಕಾರಿಗಿಂತ ಗಟ್ಟಿಯಾಗಿ ನೆಲ ಹಿಡಿಯುತ್ತದೆ. ಗರಿಷ್ಠ ವೇಗ ಮಾತ್ರ ಬೇರೆ ಕತೆ. ಸಮತಟ್ಟು ಹೆದ್ದಾರಿಯ ಕೊನೆಯ ಮಿತಿಯನ್ನು ನಿಗದಿ ಮಾಡುವುದು ಗಾಳಿ. ಅಲ್ಲಿ ಹತ್ತಿಪ್ಪತ್ತು ಕಿಲೋ ಇಳಿಸಿ ಏನೂ ಗಿಟ್ಟದು.

ಲೋಟಸ್ ಕಟ್ಟಿದ ಕಾಲಿನ್ ಚಾಪ್‌ಮನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದ್ದು ಕಟ್ಟಡ, ಸೇತುವೆಗಳ ರಚನಾ ಎಂಜಿನಿಯರಿಂಗ್. ಹೀಗಾಗಿ ಆತ ಕಾರನ್ನು ನೋಡಿದ್ದು ಸೇತುವೆಯನ್ನು ನೋಡುವ ಕಣ್ಣಿನಿಂದ. ಯಾವ ತುಂಡು ಭಾರ ಹೊರುತ್ತಿದೆ, ಯಾವುದು ಸುಮ್ಮನೆ ಸವಾರಿ ಮಾಡುತ್ತಿದೆ? ಸವಾರಿ ಮಾಡುವುದನ್ನು ಕಿತ್ತುಹಾಕು, ಇಲ್ಲವೇ ಅದಕ್ಕೂ ಒಂದು ಕೆಲಸ ಕೊಡು. 1962ರ ಲೋಟಸ್ 25 ಎಂಬ ಫಾರ್ಮುಲಾ ಒನ್ ಕಾರಿನಲ್ಲಿ ಈ ಯೋಚನೆ ಪೂರ್ತಿ ಅರಳಿತು. ಅದುವರೆಗಿನ ಹೆಚ್ಚಿನ ರೇಸ್ ಕಾರುಗಳಲ್ಲಿ ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟು, ಅದರ ಮೇಲೆ ತೆಳ್ಳನೆಯ ತಗಡಿನ ಹೊದಿಕೆ ಇರುತ್ತಿದ್ದವು. ಹೊದಿಕೆಗೆ ಗಾಳಿ ತಡೆಯುವುದು ಬಿಟ್ಟು ಬೇರೆ ಕೆಲಸವಿಲ್ಲ. ಚಾಪ್‌ಮನ್ ಚೌಕಟ್ಟನ್ನೇ ತೆಗೆದುಹಾಕಿ, ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್ ಹೊಡೆದು ದೋಣಿಯ ಹಾಗೆ ಜೋಡಿಸಿದ. ಚಾಲಕ ಆ ದೋಣಿಯೊಳಗೆ ಹಿಂದಕ್ಕೆ ವಾಲಿ ಮಲಗಿದಂತೆ ಕೂರಬೇಕು. ಎರಡೂ ಪಕ್ಕದ ಪೊಳ್ಳಿನಲ್ಲಿ ರಬ್ಬರ್ ಚೀಲಗಳಲ್ಲಿ ಪೆಟ್ರೋಲು. ಮೈಯೇ ಎಲುಬು, ಎಲುಬೇ ಟ್ಯಾಂಕಿನ ಗೋಡೆ.

ಇದು ಹೇಗೆ ನಿಲ್ಲುತ್ತದೆ? ಒಂದು ಕಾಗದದ ಹಾಳೆಯ ತುದಿ ಹಿಡಿದು ನೋಡಿ, ಜೋತುಬೀಳುತ್ತದೆ. ಅದನ್ನೇ ಸುರುಳಿ ಸುತ್ತಿ ಕೊಳವೆ ಮಾಡಿ, ಮೇಲೊಂದು ಪುಸ್ತಕ ಇಟ್ಟರೂ ನಿಲ್ಲುತ್ತದೆ. ಕಾಗದ ಅದೇ, ತೂಕ ಅದೇ. ಬಾಗುವಾಗಲೂ ತಿರುಚುವಾಗಲೂ ಹೆಚ್ಚು ಸೆಟೆದು ನಿಲ್ಲುವುದು ನಡುವಿನಿಂದ ದೂರ ಇರುವ ಪದಾರ್ಥ. ನಡುವೆ ತುಂಬಿದ್ದು ಬಹುಪಾಲು ಹೊರೆ. ಬಿದಿರಿಗೂ ಹಕ್ಕಿಯ ಎಲುಬಿಗೂ ಇದು ಗೊತ್ತು. ಲೋಟಸ್ 25ರ ದೋಣಿ, ಅದೇ ಕಂಪನಿಯ ಕೊಳವೆ ಚೌಕಟ್ಟಿನ ಜೊತೆಗಾರ ಕಾರಿಗಿಂತ ಸುಮಾರು ಮೂರು ಪಟ್ಟು ಗಡಸಾಗಿದ್ದೂ ಹೆಚ್ಚು ಹಗುರವಾಗಿತ್ತು. 1963ರಲ್ಲಿ ಜಿಮ್ ಕ್ಲಾರ್ಕ್ ಅದನ್ನು ಓಡಿಸಿ ಹತ್ತರಲ್ಲಿ ಏಳು ರೇಸ್ ಗೆದ್ದು ವಿಶ್ವ ಚಾಂಪಿಯನ್ ಆದರು.

ಎಲೀಸ್ ಈ ವಂಶದ್ದೇ ಕುಡಿ. ಚಾಪ್‌ಮನ್ 1982ರಲ್ಲೇ ತೀರಿಕೊಂಡಿದ್ದರೂ ಆ ಯೋಚನೆ ಕಾರ್ಖಾನೆಯಲ್ಲಿ ಉಳಿದಿತ್ತು. ಎಲೀಸಿನ ಛಾಸಿಯ ಅಲ್ಯೂಮಿನಿಯಂ ತುಂಡುಗಳನ್ನು ಶ್ಯಾವಿಗೆ ಒರಳಿನಲ್ಲಿ ಹಿಟ್ಟು ಒತ್ತಿದಂತೆ ಅಚ್ಚಿನ ಮೂಲಕ ಒತ್ತಿ ತೆಗೆಯುತ್ತಿದ್ದರು. ಜೋಡಿಸುತ್ತಿದ್ದದ್ದು ವೆಲ್ಡಿಂಗಿನಿಂದ ಅಲ್ಲ, ಅಂಟಿನಿಂದ! ಅಲ್ಯೂಮಿನಿಯಂಗೆ ವೆಲ್ಡ್ ಹೊಡೆದರೆ ಬಿಸಿಗೆ ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಆ ನಷ್ಟ ತುಂಬಲು ಇಡೀ ತುಂಡನ್ನೇ ದಪ್ಪ ಮಾಡಬೇಕು. ಎಪಾಕ್ಸಿ ಅಂಟು ಭಾರವನ್ನು ಒಂದು ಗೆರೆಯ ಮೇಲೆ ಹೇರದೆ ಇಡೀ ಜಾಗಕ್ಕೆ ಹಂಚುತ್ತದೆ. ಗೋಡೆ ತೆಳ್ಳಗಿದ್ದರೂ ನಡೆಯುತ್ತದೆ. ಅಂಟು ಸುಲಿದು ಬರದಂತೆ ಅಲ್ಲಲ್ಲಿ ಸ್ಕ್ರೂ ಬಿಗಿದು ಒಲೆಯಲ್ಲಿ ಕಾಯಿಸಿದರೆ ಮುಗಿಯಿತು.

ಇನ್ನು ಎಲ್ಲ ಕಿಲೋಗಳೂ ಒಂದೇ ಅಲ್ಲ. ಸೀಟಿನ ಕೆಳಗಿನ ಒಂದು ಕಿಲೋ ಬರೀ ಮುಂದಕ್ಕೆ ಹೋಗುತ್ತದೆ. ಟೈರಿನ ಹೊರಮೈಯಲ್ಲಿರುವ ಒಂದು ಕಿಲೋ ಮುಂದಕ್ಕೂ ಹೋಗಬೇಕು, ಸುತ್ತಲೂ ಬೇಕು. ಅದಕ್ಕೆ ಊಡಬೇಕಾದ ಶಕ್ತಿ ಎರಡು ಕಿಲೋಗೆ ಸಮ. ಎಂಜಿನ್ನಿನ ಬೆನ್ನಿಗಿರುವ ಫ್ಲೈವೀಲ್ ಎಂಬ ಭಾರದ ಗಾಲಿಯದಂತೂ ಸೋಜಿಗ ಹುಟ್ಟಿಸುವ ಲೆಕ್ಕ. ಮೊದಲ ಗೇರಿನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ 13 ಸುತ್ತು ಬರುತ್ತದೆ ಎನ್ನೋಣ. ಚಕ್ರದ ತ್ರಿಜ್ಯ 30 ಸೆಂ.ಮೀ., ಫ್ಲೈವೀಲಿನದು 13 ಸೆಂ.ಮೀ. ಆ ಫ್ಲೈವೀಲಿನ ಅಂಚಿನಿಂದ ಎರಡೇ ಕಿಲೋ ಲೋಹ ಕೆತ್ತಿ ತೆಗೆದರೆ, ಸುತ್ತುವ ಲೆಕ್ಕವೊಂದರಲ್ಲೇ ಮೊದಲ ಗೇರಿನ ಓಟಕ್ಕೆ ಅದು ಕಾರಿನಿಂದ 63 ಕಿಲೋದ ಒಬ್ಬ ಪ್ರಯಾಣಿಕರನ್ನು ಇಳಿಸಿದ ಹಾಗೆ. ಕೊನೆಯ ಗೇರಿಗೆ ಬರುವಷ್ಟರಲ್ಲಿ ಆ ಲಾಭ ಐದು ಕಿಲೋಗೂ ಕಡಿಮೆಯಾಗುತ್ತದೆ. ರೇಸಿನವರು ಫ್ಲೈವೀಲ್ ಕೆತ್ತಿಸುವುದು ಇದಕ್ಕೇ. ಪೇಟೆಯ ಟ್ರಾಫಿಕ್ಕಿನಲ್ಲಿ ಅಂಥ ಗಾಡಿ ಕ್ಲಚ್ ಬಿಟ್ಟಾಗೆಲ್ಲ ಆಫ್ ಆಗುತ್ತದೆ, ನಿಂತಲ್ಲಿ ನಡುಗುತ್ತದೆ. ಭಾರದ ಫ್ಲೈವೀಲ್ ಎಂಜಿನ್ನಿನ ಕುಲುಕಾಟವನ್ನು ನುಂಗಿಕೊಳ್ಳಲು ಇರುವುದು.

ಸ್ಪ್ರಿಂಗಿನ ಕೆಳಗಿರುವ ತೂಕ, ಅಂದರೆ ಚಕ್ರ, ಬ್ರೇಕ್, ಹಬ್‌ಗಳದ್ದು, ಇನ್ನೊಂದು ತೊಂದರೆ ತರುತ್ತದೆ. ಅವು ಭಾರವಾದಷ್ಟೂ ಗುಂಡಿಯಲ್ಲಿ ಎಗರಿದ ಚಕ್ರ ನೆಲಕ್ಕೆ ಮರಳುವುದು ತಡವಾಗುತ್ತದೆ. ಅಷ್ಟು ಹೊತ್ತು ಹಿಡಿತವಿಲ್ಲ. ಮೊದಮೊದಲ ಎಲೀಸ್‌ಗಳ ಬ್ರೇಕ್ ಡಿಸ್ಕನ್ನು ಎರಕದ ಕಬ್ಬಿಣದ ಬದಲು ಸಿಲಿಕಾನ್ ಕಾರ್ಬೈಡ್ ಬೆರೆಸಿದ ಅಲ್ಯೂಮಿನಿಯಂನಿಂದ ಮಾಡಿದ್ದು ಇದೇ ಕಾರಣಕ್ಕೆ. 1970ರ ಲೋಟಸ್ 72 ರೇಸ್ ಕಾರಿನಲ್ಲಿ ಚಾಪ್‌ಮನ್ ಇನ್ನೂ ಮುಂದೆ ಹೋಗಿದ್ದ. ಮುಂಬ್ರೇಕುಗಳನ್ನು ಚಕ್ರದಿಂದಲೇ ಬಿಚ್ಚಿ ಕಾರಿನ ಒಡಲೊಳಗೆ ಕೂರಿಸಿದ. ಚಕ್ರಕ್ಕೂ ಬ್ರೇಕಿಗೂ ನಡುವೆ ಒಂದು ದಂಡ. ಅದೂ ಟೊಳ್ಳು, ತೂಕ ಉಳಿಯಲಿ ಎಂದು.

ಆ ವರ್ಷದ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಅಭ್ಯಾಸದ ವೇಳೆ ಆ ಕಾರಿನ ಚಾಲಕ ಯೋಖೆನ್ ರಿಂಟ್ ಬ್ರೇಕ್ ಒತ್ತಿದಾಗ ಕಾರು ಪಕ್ಕಕ್ಕೆ ಎಳೆದು ತಡೆಬೇಲಿಗೆ ಅಪ್ಪಳಿಸಿತು. ರಿಂಟ್ ಬದುಕಲಿಲ್ಲ. ಬ್ರೇಕಿನ ದಂಡ ತುಂಡಾಗಿದ್ದು ಅಪಘಾತಕ್ಕೆ ಕಾರಣವೆಂದೂ, ಸರಿಯಾಗಿ ಕಟ್ಟದ ಬೇಲಿ ಸಾವಿಗೆ ಕಾರಣವೆಂದೂ ವಿಚಾರಣೆಯಲ್ಲಿ ತೀರ್ಮಾನವಾಯಿತು. ಸತ್ತ ಮೇಲೆ ವಿಶ್ವ ಚಾಂಪಿಯನ್ ಪಟ್ಟ ಪಡೆದ ಏಕೈಕ ಫಾರ್ಮುಲಾ ಒನ್ ಚಾಲಕ ಅವರು. ಅದಕ್ಕೂ ಹತ್ತು ವರ್ಷ ಹಿಂದೆ ಬೆಲ್ಜಿಯಂನ ಸ್ಪಾದಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್ಸಿನ ಹಿಂದಿನ ಚಕ್ರವೇ ಕಳಚಿ, ಅವರ ಎರಡೂ ಕಾಲು ಮುರಿದಿದ್ದವು. ಚಾಪ್‌ಮನ್ನನ ಪ್ರತಿಭೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಎಲ್ಲಿಯವರೆಗೆ ಕೆತ್ತಬಹುದು ಎಂಬ ಪ್ರಶ್ನೆಗೆ ಆತ ಕೊಟ್ಟ ಉತ್ತರ ಸರಿಯಿರಲಿಲ್ಲ.

ಜರ್ಮನಿಯ ಪೋರ್ಷೆಯವರೂ ತೂಕದ ವಿಷಯದಲ್ಲಿ ಅಷ್ಟೇ ಜಿಪುಣರು. 1969ರ ಪೋರ್ಷೆ 917ರ ಗೇರ್ ಹಿಡಿಯ ಗುಬಟೆಯನ್ನು ಬಾಲ್ಸಾ ಮರದಲ್ಲಿ ಕೆತ್ತಿದರು. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟನ್ನು ಐವತ್ತು ಕಿಲೋದೊಳಗೆ ಮುಗಿಸಿದರು. ಆದರೆ ಅಷ್ಟು ತೆಳ್ಳನೆಯ ಕೊಳವೆಗೆ ಬಿರುಕು ಬಿಟ್ಟರೆ? ಕೊಳವೆಗಳೊಳಗೆ ಒತ್ತಡದಲ್ಲಿ ಅನಿಲ ತುಂಬಿಟ್ಟರು. ಎಲ್ಲಾದರೂ ಕೂದಲೆಳೆಯ ಬಿರುಕು ಬಿಟ್ಟರೂ ಒತ್ತಡ ಇಳಿದು ಮಾಪಕ ತೋರಿಸುತ್ತದೆ. ತೂಕ ಕಡಿಮೆ ಮಾಡಿದವರು ಕಾವಲನ್ನು ಹೆಚ್ಚು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ. ಆಮೇಲೆ ಬಂದದ್ದು ಕಾರ್ಬನ್ ಫೈಬರ್. 1981ರಲ್ಲಿ ಮೆಕ್ಲಾರೆನ್ ತಂಡದ ಜಾನ್ ಬರ್ನಾರ್ಡ್ ಇಡೀ ದೋಣಿಯನ್ನು ಅದರಲ್ಲೇ ಮಾಡಿದಾಗ, ಅಪ್ಪಳಿಸಿದರೆ ಪುಡಿಯಾದೀತು ಎಂದು ಹಲವರು ಹೆದರಿದ್ದರು. ಅದೇ ವರ್ಷ ಅದೇ ಮೊಂಜಾದಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಕಾರು ಬೇಲಿಗೆ ಬಡಿದು ಎಂಜಿನ್ ಹರಿದು ಬೇರೆಯಾಯಿತು. ವಾಟ್ಸನ್ ಎದ್ದು ನಡೆದು ಬಂದರು. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲು ಇಂಥ ಕಾರ್ಬನ್ ಸಂಯೋಜಿತ ವಸ್ತುಗಳದ್ದೇ.

ತೂಕಕ್ಕೆ ಸಾಲದ ಗುಣವೂ ಇದೆ, ಬಡ್ಡಿಗೆ ಬಡ್ಡಿ ಬೆಳೆಯುತ್ತದೆ. ದೊಡ್ಡ ಎಂಜಿನ್ ಕೂರಿಸಿದರೆ ಅದನ್ನು ಹೊರಲು ಗಟ್ಟಿ ಛಾಸಿ, ನಿಲ್ಲಿಸಲು ದೊಡ್ಡ ಬ್ರೇಕ್, ಆ ಬ್ರೇಕ್ ಹಿಡಿಸಲು ದೊಡ್ಡ ಚಕ್ರ, ಇಷ್ಟನ್ನೂ ಎಳೆಯಲು ಹೆಚ್ಚು ಪೆಟ್ರೋಲು, ಅದಕ್ಕೆ ದೊಡ್ಡ ಟ್ಯಾಂಕು. ಇಳಿಸುವಾಗ ಇದೇ ಸರಪಳಿ ಹಿಮ್ಮುಖವಾಗಿ ಓಡುತ್ತದೆ. ಎಲೀಸಿನ ಮೈಯಿಂದಲೇ ಬೆಳೆದು 2008ರಲ್ಲಿ ಬಂದ ಟೆಸ್ಲಾ ರೋಡ್‌ಸ್ಟರಿನ ಬ್ಯಾಟರಿಯೊಂದೇ ಸುಮಾರು 450 ಕಿಲೋ. ವಿದ್ಯುತ್ ಮೋಟಾರಿನ ಬಲ ಆ ಭಾರವನ್ನು ನೇರ ರಸ್ತೆಯಲ್ಲಿ ಮರೆಸಿಬಿಡುತ್ತದೆ. ಟೈರಿನ ಸವೆತದಲ್ಲಿ, ತಿರುವಿನಲ್ಲಿ ಅದು ಅಡಗುವುದಿಲ್ಲ.

ಇವತ್ತಿನ ಕಾರುಗಳು ತೂಕ ಹೆಚ್ಚಿಸಿಕೊಂಡಿದ್ದಕ್ಕೆ ಒಳ್ಳೆಯ ಕಾರಣವೂ ಇದೆ. ಏರ್‌ಬ್ಯಾಗು, ಬಾಗಿಲೊಳಗಿನ ಉಕ್ಕಿನ ತೊಲೆ, ಅಪಘಾತದಲ್ಲಿ ಮಡಚಿಕೊಳ್ಳುವ ಮೂತಿ, ಇವು ಜೀವ ಉಳಿಸುವ ಕಿಲೋಗಳು. ಪಿಕಪ್ಪಿನ ಆಸೆಗೆ ಇವನ್ನು ಮುಟ್ಟಬೇಡಿ. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸಲು ಮೋಟಾರು ವಾಹನ ಕಾಯ್ದೆ ಅವಕಾಶ ಕೊಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಆದರೆ ಸಣ್ಣ ಕಾರಿಗೆ ಚೆಂದಕ್ಕೆಂದು ತೊಡಿಸುವ ದೊಡ್ಡ ಅಲಾಯ್ ಚಕ್ರ, ತಲೆಯ ಮೇಲೆ ಕೂರಿಸುವ ಗಾಜಿನ ಸನ್‌ರೂಫ್, ಡಿಕ್ಕಿಯಲ್ಲಿ ವರ್ಷಗಟ್ಟಲೆ ಮಲಗಿರುವ ಸಾಮಾನು ಯಾರ ಜೀವವನ್ನೂ ಕಾಯುವುದಿಲ್ಲ.

ನಿಮ್ಮ ಕಾರಿನ ಆರ್‌ಸಿ ಕಾರ್ಡ್ ತೆಗೆದು ನೋಡಿ. ‘ಅನ್‌ಲೇಡನ್ ವೇಟ್’ ಎಂಬ ಜಾಗದಲ್ಲಿ ಖಾಲಿ ಕಾರಿನ ತೂಕ ಬರೆದಿರುತ್ತದೆ. ಎಂಜಿನ್ನಿನ ಅಶ್ವಶಕ್ತಿಯನ್ನು ಆ ತೂಕದಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಟನ್ನಿಗೆ ಎಷ್ಟು ಅಶ್ವಶಕ್ತಿ ಎಂಬ ಅಂಕಿ ಸಿಗುತ್ತದೆ. ಎಲೀಸ್‌ಗೆ ಅದು 163 ಇತ್ತು. ಮುಂದಿನ ಬಾರಿ ಶೋರೂಮಿಗೆ ಹೋದಾಗ ಬಣ್ಣ ಕೇಳುವ ಮೊದಲು ತೂಕ ಕೇಳಿ.