ತೊಡೆಸಂದಿನ ನೋವಿಗೆ ಇನ್ನೊಂದು ದಾರಿ

ಸೋಮವಾರ, ಗುರುವಾರ ಬಂತೆಂದರೆ ಬ್ಯಾಡಗಿಯ ಮಾರುಕಟ್ಟೆಗೆ ಕೆಂಪು ರಂಗೇರುತ್ತದೆ. ಡಬ್ಬಿ, ಕಡ್ಡಿ ಮೆಣಸಿನಕಾಯಿಯ ಚೀಲಗಳು ಸಾಲುಗಟ್ಟುತ್ತವೆ, ಗಾಳಿಯಲ್ಲೇ ಘಾಟು. ಮೂಗಿಗೆ ಸೆರಗು ಸುತ್ತಿಕೊಂಡ ಹೆಂಗಸರು ರಾಶಿಯ ಮಗ್ಗುಲಲ್ಲಿ ಕುಳಿತು ತೊಟ್ಟು ಬಿಡಿಸುತ್ತಾರೆ. ಒಂದು ಕಾಲು ಮಡಿಚಿ, ಇನ್ನೊಂದು ಚಾಚಿ, ಹೊತ್ತು ಇಳಿಯುವವರೆಗೂ ಅದೇ ಭಂಗಿ. ರಾಣೆಬೆನ್ನೂರಿನ ಸುತ್ತಲಿನ ಬೀಜೋತ್ಪಾದನೆ ಹೊಲಗಳಲ್ಲಿ ಬಗ್ಗಿ ಹೂಗಳಿಗೆ ಕೈಯಿಂದ ಪರಾಗ ಮುಟ್ಟಿಸುವ ‘ಕ್ರಾಸಿಂಗ್’ ಮಾಡುವವರು, ಹಾವೇರಿಯಲ್ಲಿ ಚಕ್ಕಳಮಕ್ಕಳ ಹಾಕಿ ಏಲಕ್ಕಿ ಹಾರ ಪೋಣಿಸುವವರು. ಈ ಸೀಮೆಯ ದುಡಿಮೆಯೆಲ್ಲ ನೆಲಕ್ಕೆ ಅಂಟಿಕೊಂಡದ್ದು.

ಸೊಂಟದ ಕೀಲು ಸವೆದವರಿಗೆ ಇದೇ ನೆಲ ವೈರಿ. ಏಳುವಾಗ ತೊಡೆಸಂದಿನಲ್ಲಿ ಚಳುಕು ಹೊಡೆಯುತ್ತದೆ, ಮೊಣಕಾಲಿನವರೆಗೂ ಇಳಿಯುತ್ತದೆ. ಬಸ್ಸಿನ ಮೆಟ್ಟಿಲು ಹತ್ತಲಾಗದು, ರಾತ್ರಿ ಮಗ್ಗುಲು ಬದಲಿಸಲಾಗದು. ಕೀಲು ಪೂರ್ತಿ ಕೆಟ್ಟಾಗ ಬದಲಿ ಕೀಲಿನ ಶಸ್ತ್ರಚಿಕಿತ್ಸೆಯೇ ಮೇಲು. ಆದರೆ ಹೃದಯ ಸೋತವರಿಗೆ, ಶ್ವಾಸಕೋಶ, ಮೂತ್ರಪಿಂಡ ದುರ್ಬಲವಾದವರಿಗೆ ಅದು ಆಗದಿರಬಹುದು. ಎಕ್ಸ್‌ರೇ ಹಿಡಿದು ಕುಳಿತ ಅಜ್ಜಿಯರ ಪ್ರಶ್ನೆ ಒಂದೇ: “ಆಪರೇಶನ್ ಬ್ಯಾಡ ಅಂದ್ರಿ. ಹಂಗಾರ ಸಾಯೂತನಕ ಹಿಂಗ ನರಳೂದೇನ್ರಿ?”

ಬೇಕಿಲ್ಲ. ಕೀಲನ್ನು ಮುಟ್ಟದೆ, ನೋವಿನ ಸುದ್ದಿ ಹೊರುವ ನರದ ಎಳೆಗಳಿಗೇ ಚಿಕಿತ್ಸೆ ಕೊಡಬಹುದು. ಕೀಲಿನ ಮುಂಭಾಗದ ನೋವನ್ನು ಹೆಚ್ಚಾಗಿ ಮಿದುಳಿಗೆ ಮುಟ್ಟಿಸುವವು ಫೆಮೊರಲ್, ಅಬ್ಚುರೇಟರ್ ನರಗಳ ಸಣ್ಣ ಕವಲುಗಳು. ಮೊದಲು ಪರೀಕ್ಷೆ: ರೋಗಿ ಅಂಗಾತ ಮಲಗುತ್ತಾರೆ, ಅಲ್ಟ್ರಾಸೌಂಡ್ ಪರದೆಯಲ್ಲಿ ಮೂಳೆಯ ಅಂಚು, ಮಿಡಿಯುವ ರಕ್ತನಾಳ ಮೂಡುತ್ತವೆ. ಆ ನಾಳ ತಪ್ಪಿಸಿ ಸೂಜಿ ಸಾಗಿಸಿ, ಕವಲುಗಳ ಬಳಿ ಮರಗಟ್ಟಿಸುವ ಮದ್ದು ಬಿಡುತ್ತಾರೆ. ಟೊರಾಂಟೊದ ಫಿಲಿಪ್ ಪೆಂಗ್ ಮತ್ತು ಸಂಗಡಿಗರು ಸೊಂಟದ ಮೂಳೆ ಮುರಿದವರಿಗಾಗಿ 2018ರಲ್ಲಿ ವಿವರಿಸಿದ ‘ಪೆಂಗ್ ಬ್ಲಾಕ್’ ಈ ಜಾಗವನ್ನೇ ಗುರಿಯಾಗಿಸಿಕೊಂಡದ್ದು.

ಮದ್ದಿನ ಪ್ರಭಾವ ಇರುವಷ್ಟು ಹೊತ್ತು ನೋವು ಅರ್ಧಕ್ಕಿಂತ ಹೆಚ್ಚು ಇಳಿದರೆ ಮುಂದಿನ ಹೆಜ್ಜೆ ರೇಡಿಯೊ ಫ್ರೀಕ್ವೆನ್ಸಿ. ಸೂಜಿಯ ತುದಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಒಂದೆರಡು ನಿಮಿಷದಲ್ಲಿ ಆ ಕವಲು ಸುಮ್ಮನಾಗುತ್ತದೆ. ದೊಡ್ಡ ಅರಿವಳಿಕೆ ಬೇಕಿಲ್ಲ, ಹೊಲಿಗೆ ಇಲ್ಲ. ಕಾಲಿಗೆ ಬಲ ಕೊಡುವ ನರದ ಕಾಂಡವನ್ನು ಸುಡುವುದಿಲ್ಲ.

ಇದರಿಂದ ಸವೆದ ಕೀಲು ಹೊಸದಾಗದು. ನರ ಮತ್ತೆ ಬೆಳೆಯುತ್ತದೆ, ತಿಂಗಳುಗಳ ಬಳಿಕ ನೋವು ಮರಳಬಹುದು. ಆಗ ಚಿಕಿತ್ಸೆಯನ್ನೂ ಮತ್ತೆ ಮಾಡಬಹುದು. ಎಲ್ಲರಿಗೂ ಒಂದೇ ಫಲ ಸಿಗುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು. ನೋವು ತಗ್ಗಿದ ಆ ತಿಂಗಳುಗಳೇ ವ್ಯಾಯಾಮದ ಕಾಲ: ತೊಡೆ, ಪಿರ್ರೆಯ ಸ್ನಾಯುಗಳಿಗೆ ಬಲ ತುಂಬಬೇಕು, ನೋವಿಲ್ಲದ ಕಡೆಯ ಕೈಯಲ್ಲಿ ಕೋಲು ಹಿಡಿಯಬೇಕು, ನೆಲ ಬಿಟ್ಟು ಎತ್ತರದ ಮಣೆಯಲ್ಲಿ ಕೂರಬೇಕು.

ಹಾವೇರಿಯವರು ದೊಡ್ಡ ಆಸ್ಪತ್ರೆಯೆಂದರೆ ಹುಬ್ಬಳ್ಳಿಯತ್ತ, ರಾಣೆಬೆನ್ನೂರಿನವರು ದಾವಣಗೆರೆಯತ್ತ ಮುಖ ಮಾಡುತ್ತಾರೆ. ಕುಂಟುವ ಕಾಲಿಗೆ ಅದು ದೂರದ ದಾರಿ. ನೋವು ನಿವಾರಣೆಯ ತಜ್ಞರು ಜಿಲ್ಲಾ ಕೇಂದ್ರದಲ್ಲೇ ಸಿಗುವಂತಾಗಬೇಕು. ಅಲ್ಲಿಯವರೆಗೆ, ಶಸ್ತ್ರಚಿಕಿತ್ಸೆ ಆಗದು ಎಂದ ವೈದ್ಯರನ್ನು ಮನೆಯವರು ಅಲ್ಲೇ ಕೇಳಬೇಕು: “ಹಾಗಾದರೆ ಇವರ ನೋವಿಗೆ ಏನು ಮಾಡೋಣ?”